ಮಾಲ್ಟಿನ ಹಬೆ

ಡ್ರಿಲ್ಲಿನ ಮೊನೆ ಪಾತ್ರೆಯನ್ನು ತೂರಿಕೊಂಡು ಒಳಗೆ ಹೋದಾಗ ಆರ್ವಿಲ್‌ಗೆ ತನ್ನ ಹೊಟ್ಟೆಗೇ ತೂತು ಬಿದ್ದ ಹಾಗಾಯಿತು. ಮದುವೆಯಾದಂದಿನಿಂದ ಮನೆಯ ಬಿಯರ್ ಕುದಿದದ್ದೆಲ್ಲ ಅದರಲ್ಲೇ. ಎಲೆಕ್ಟ್ರಿಷಿಯನ್ ಕೆಲಸದ ಬಾಮೈದ ರಸ್‌ಗೆ ಅಂಥ ಮುಲಾಜೇನೂ ಇರಲಿಲ್ಲ. ತೂತಿನ ಅಂಚನ್ನು ಅರದಲ್ಲಿ ಉಜ್ಜಿದ, ಮಾಲ್ಟಿನ ಚೀಲ ಕೂರುತ್ತಿದ್ದ ತಳದ ಜರಡಿ ತಟ್ಟೆಯನ್ನು ಕಿತ್ತು ಮೂಲೆಗೆಸೆದ, ನೀರು ಕಾಯಿಸುವ ಕರೆಂಟಿನ ಕಾಯಿಲನ್ನು ಒಳಗೆ ಕೂರಿಸಿ ರಬ್ಬರ್ ವಾಷರ್ ಹಾಕಿ ನಟ್ಟು ಬಿಗಿದ.

“ನೋಡು ಭಾವ, ಕಾಯಿಲ್ ಮುಳುಗೋಷ್ಟು ನೀರಿಲ್ದೆ ಸ್ವಿಚ್ ಹಾಕ್ಬೇಡ. ಆಮೇಲೆ, ಮಾಲ್ಟಿನ ಚೀಲ ಅದರ ಮೇಲೆ ಕೂರಬಾರ್ದು. ಹಿಡಿಗೆ ಕಟ್ಟಿ ನೇತುಹಾಕು.”

“ನೀನು ಚಡ್ಡಿ ಹಾಕೋದು ಕಲಿಯೋ ಮುಂಚೆಯಿಂದ ಬಿಯರ್ ಮಾಡ್ತಿದೀನಿ. ಮೇಲೆ ಹೋಗಿ ಸಾಸೇಜ್ ತಿನ್ನು, ಹೋಗು.”

ಎರಡು ಚಳಿಗಾಲದ ಹಿಂದೆ ಬಂದ ಕೋವಿಡ್ ಹೋಗುವಾಗ ಆರ್ವಿಲ್‌ನ ಮೂಗನ್ನೂ ಜೊತೆಗೆ ಕರೆದೊಯ್ದಿತ್ತು. ಮಿಲ್ವಾಕಿಯ ಆ ಬೀದಿಯಲ್ಲಿ ಯಾರು ಬಿಯರ್ ಕಾಯಿಸಿದರೂ ಮೊದಲು ಆರ್ವಿಲ್‌ನನ್ನು ಕರೆಸಿ ಮೂಸಿಸುತ್ತಿದ್ದರು. ಈಗ ಯಾರೂ ಕರೆಯುವುದಿಲ್ಲ. ಕಳೆದ ತಿಂಗಳಂತೂ ಉರಿ ಆರಿಹೋದ ಬಿಯರ್ ಒಲೆಯಿಂದ ಗ್ಯಾಸ್ ಹೊರಬರುತ್ತಿದ್ದರೂ ಅವನು ಪಕ್ಕದಲ್ಲೇ ಕೂತು ಆರಾಮಾಗಿ ಪೇಪರ್ ಓದುತ್ತಿದ್ದ. ಮೇಲಿನಿಂದ ನೆಲಮಾಳಿಗೆಗೆ ಓಡಿಬಂದ ಹೆಂಡತಿ ಡೊಲೋರಿಸ್ ಅವತ್ತೇ ಆ ಒಲೆಯನ್ನು ಮನೆಯಿಂದಾಚೆ ಹಾಕಿಸಿದ್ದಳು. ಅದೂ ಒಳ್ಳೆಯದಕ್ಕೇ ಎಂದುಕೊಂಡಿದ್ದ ಆರ್ವಿಲ್. ಮಾಲ್ಟಿನ ಘಮವನ್ನು ನುಂಗುತ್ತಿದ್ದುದು ಆ ಗ್ಯಾಸೇ. ಕರೆಂಟಿನ ಶಾಖಕ್ಕೆ ಹಬೆ ಎದ್ದರೆ ಮೂಗೂ ಎದ್ದು ಕೂರುತ್ತದೆ ಎಂಬ ಹುಚ್ಚು ನಂಬಿಕೆ ಅವನದು. ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದನ್ನು ಅವನು ಹೆಂಡತಿಗೆ ತಿಳಿಸಿರಲಿಲ್ಲ, ತಾನೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ.

ರಸ್ ಮೇಲೆ ಹೋದ ಮೇಲೆ ಆರ್ವಿಲ್ ಪಾತ್ರೆಗೆ ನೀರು ತುಂಬಿದ. ನಟ್ಟಿನ ಸುತ್ತ ಒಂದು ಹನಿಯೂ ಸೋರಲಿಲ್ಲ. ಸ್ವಿಚ್ ಹಾಕಿ, ನೀರು ಬಿಸಿಯಾದ ಮೇಲೆ ತರಿಯಾಗಿ ಒಡೆದ ಬಾರ್ಲಿ ಮಾಲ್ಟಿನ ಬಟ್ಟೆಚೀಲವನ್ನು ಎಂದಿನಂತೆ ತಳದವರೆಗೂ ಇಳಿಬಿಟ್ಟ. ಅಷ್ಟು ವರ್ಷದ ಕೈ, ತಟ್ಟೆ ಅಲ್ಲೇ ಇದೆ ಎಂದೇ ತಿಳಿದಿತ್ತು. ಆಮೇಲೆ ಹಬೆಗೆ ಮುಖವೊಡ್ಡಿ ನಿಂತ. ಮುಖ ಒದ್ದೆಯಾಯಿತು, ಅಷ್ಟೇ. ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು ಎಂದು ಕಾದ.

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಡೊಲೋರಿಸ್ ಇಳಿದು ಬಂದಳು, ಹಿಂದೆಯೇ ರಸ್. ಕೊನೆಯ ಮೆಟ್ಟಿಲಲ್ಲಿ ಅರೆಗಳಿಗೆ ನಿಂತು ಗಂಡನ ಮುಖ ನೋಡಿದ ಡೊಲೋರಿಸ್ ನೆಲಮಾಳಿಗೆಯ ಕಿಟಕಿಯನ್ನು ತೆಗೆದಳು. ಹಿಮಗಾಳಿ ಒಳಗೆ ನುಗ್ಗಿತು.

“ಹಬೆ ಜಾಸ್ತಿಯಾಗಿದೆ,” ಅಂದಳು.

“ಘಮ ಬರ್ತಿದೆಯಾ?”

ಡೊಲೋರಿಸ್ ತಮ್ಮನ ಕಡೆ ನೋಡಿದಳು. ರಸ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

“ಬರ್ತಿದೆ,” ಅಂದಳು.

“ಹೇಗಿದೆ ಹೇಳು.”

“ಬ್ರೆಡ್ ಥರ. ನಿಮ್ಮಮ್ಮ ಮಾಡ್ತಿದ್ರಲ್ಲ, ಆ ರೈ ಬ್ರೆಡ್ ಥರ.”

ಆರ್ವಿಲ್ ಕಣ್ಣುಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ.

“ಹೌದು ಕಣೇ,” ಎಂದ. “ನನಗೂ ಬಂತು. ಒಂಚೂರು ಬಂತು.”

ಡೊಲೋರಿಸ್ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ತಿರುಗಿದಳು. ರಸ್ ಸ್ವಿಚ್ಚಿನತ್ತ ಹೆಜ್ಜೆಯಿಟ್ಟ. ಅಷ್ಟರಲ್ಲಿ ಆರ್ವಿಲ್, ಎಷ್ಟೋ ದಿನಗಳ ಮೇಲೆ ಹುರುಪಿನಿಂದ, ಒಮ್ಮೆ ತಿರುವಿ ಹಾಕೋಣವೆಂದು ಚೀಲವನ್ನು ಮೇಲೆತ್ತಿದ. ಚೀಲದ ತಳ ಕಳಚಿ ನೀರಿಗೆ ಬಿತ್ತು. ಬಟ್ಟೆ ಕಾಯಿಲಿನ ಆಕಾರಕ್ಕೇ ಕರಕಲಾಗಿತ್ತು. ಇದ್ದಿಲಾದ ಕಾಳು ಒಂದೊಂದಾಗಿ ಮೇಲೆ ತೇಲಿದವು.

ಅವನು ಬಹಳ ಹೊತ್ತು ಅದನ್ನೇ ನೋಡಿದ. ಸ್ವಿಚ್ಚನ್ನು ತಾನೇ ಆರಿಸಿದ.

“ಆ ಇನ್ನೊಂದು ಕಿಟಕೀನೂ ತೆಗಿ, ಡೊಲೋರಿಸ್,” ಎಂದ. “ನಿಮ್ಮಿಬ್ಬರಿಗೂ ಉಸಿರು ಕಟ್ಟಿರಬೇಕು.”