ತಂಬಿಗೆಯೊಳಗಿನ ಮೊಸರು

ಸಿಡಿಮದ್ದಿನ ಹೊಗೆ ಕರಗುತ್ತಲೇ ಡಾಕ್ಟರ್ ಪಾಲಾಕ್ಷ, ಆಳುಗಳು ಬಂಡೆ ಸಿಡಿಸಿ ತೋಡುತ್ತಿದ್ದ ಬಾವಿಯ ಅಂಚಿನಲ್ಲಿ ತಾವೇ ಇಟ್ಟಿದ್ದ ಹಿತ್ತಾಳೆ ತಂಬಿಗೆಯನ್ನು ತಂದು ಕರಿಗೌಡರ ಕೈಗಿತ್ತರು. ಅದು ಒಂದಿಷ್ಟೂ ನೆಗ್ಗಿರಲಿಲ್ಲ.

“ಏನೂ ಆಗಿಲ್ವಲ್ಲ ಸಾ! ನನ್ ಮಗನ್ಗೂ ಬರ್ಮಾ ಯುದ್ಧದಾಗೆ ಒಂದ್ ಗಾಯ ಆಗಿಲ್ಲ. ಗೇಯಾಕೆ ಮೈಗಳ್ಳ, ಅದ್ಕೇ ತಲೆ ಸುತ್ತು ಅಂತಾನೆ.”

“ಮುಚ್ಚಳ ತೆಗೀರಿ, ಗೌಡ್ರೇ.”

ಗೌಡರ ಹೆಂಡತಿ ರಾತ್ರಿ ಹೆಪ್ಪು ಹಾಕಿದ್ದ ಗಟ್ಟಿ ಮೊಸರು ಒಳಗೇ ಒಡೆದು ನೀರು ಬಿಟ್ಟಿತ್ತು.

“ಬಾಂಬು ಹತ್ರ ಸಿಡಿದ್ರೆ ಮಿದುಳಿಗೂ ಹಿಂಗೇ ಪೆಟ್ಟಾಗುತ್ತೆ. ಮೊಸರು ಮತ್ತೆ ಕೂಡಲ್ಲ. ಮಿದುಳಿಗೆ ಜೀವ ಇದೆ, ನೆಮ್ಮದಿ ಸಿಕ್ಕಿದ್ರೆ ಚೇತರಿಸ್ಕೊಳ್ಳುತ್ತೆ.”

“ಇನ್ನೊಂದ್ ಮದ್ದು ಅಚ್ತೀವಿ!” ಬಾವಿಯಿಂದ ಕೂಲಿಯಾಳು ಕೂಗಿದ. ಮರದಡಿ ಕುಳಿತಿದ್ದ ಮಗ ಪುಟ್ಟಸ್ವಾಮಿ ನಡುಗಿದ.

ಗೌಡರು ಓಡಿಹೋಗಿ ಎರಡೂ ಅಂಗೈಗಳಿಂದ ಅವನ ಕಿವಿ ಮುಚ್ಚಿದರು.

“ಅಚ್ಬ್ಯಾಡ್ರಲಾ! ನನ್ ಮಗ ಇಲ್ಲೇ ಅವ್ನೆ!”