ದಡದ ಗಂಟೆ

ಚಂಡಮಾರುತ ಅಡಗಿದ ಮೇಲೆ, ಪಕ್ಕದ ದ್ವೀಪಕ್ಕೆ ಹೋಗಿದ್ದ ಪಾದ್ರಿ ದೋಣಿಯಲ್ಲಿ ಮರಳಿದರು. ತಾಯ್ನಾಡು ಬಿಟ್ಟು ಬಂದು ಈ ದಡದಲ್ಲಿ ಅವರು ಕಟ್ಟಿಸಿದ್ದ ಚರ್ಚನ್ನು ಕಡಲು ಬುಡಸಮೇತ ಒಯ್ದಿತ್ತು. ಗುಡ್ಡದ ಮೇಲಿನ ಮನೆಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಸದ್ಯ, ಜನ ಉಳಿದರಲ್ಲ ಎಂದು ಶಿಲುಬೆಯ ಗುರುತು ಹಾಕಿಕೊಂಡು ಗುಡ್ಡ ಹತ್ತಿದರು.

ಯಾವ ಮನೆಯಲ್ಲೂ ಸದ್ದಿಲ್ಲ. ನಡೆಯಲಾಗದ ಮುದುಕಿಯೊಬ್ಬಳು ಹೊಸ್ತಿಲಲ್ಲಿ ಕುಳಿತಿದ್ದಳು.

“ಎಲ್ಲಿ ಹೋದರಮ್ಮಾ ಎಲ್ಲರೂ?”

“ಚರ್ಚಿಗೆ ಹೋದ್ರು. ಗಂಟೆ ಕೇಳಿದ್ರೆ ಇದ್ದ ಕೆಲ್ಸ ಬಿಟ್ಟು ಬರ್ಬೇಕು ಅಂತ ನೀವೇ ಕಲಿಸಿದ್ರಲ್ಲ.”

“ನಾನು ಊರಲ್ಲೇ ಇರಲಿಲ್ಲ! ಗಂಟೆ ಬಾರಿಸಿದ್ದು ಯಾರು?”

“ಗಾಳಿ. ಅದು ಗಾಳಿ ಕಣ್ರೋ ಅಂತ ಕೂಗ್ದೆ. ಫಾದರ್ ವಾಪಸ್ ಬಂದು ಕರೀತಿದ್ದಾರೆ ಅಂತ ಮಕ್ಕಳನ್ನ ಎತ್ಕೊಂಡು ಓಡಿದ್ರು.”