ಬಾಣಂತಿಯ ಪಾಲು

ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯನ್ನು, ಮಗುವನ್ನು ನೋಡಲು ಹೋದ ನೀವೇ ತಿಂದು ಬಂದಿಲ್ಲವೇ?

ಸಾತಾರೆಯ ತವರಿನಲ್ಲಿ ಅಂದು ಶರ್ವರಿಯ ಮಗುವಿಗೆ ತೊಟ್ಟಿಲ ಶಾಸ್ತ್ರ. ಉಪಚಾರದ ಗದ್ದಲದಲ್ಲಿ ಅವಳ ಊಟವನ್ನೇ ಎಲ್ಲರೂ ಮರೆತಿದ್ದರು. ಬೀಗರ ಮರ್ಯಾದೆಗೆಂದು ತಾಯಿ ಡಬ್ಬಿಯ ಕಡೆಯ ಉಂಡೆಯನ್ನೂ ಶರ್ವರಿಯ ಅತ್ತೆ ಇಂದುಮತಿಬಾಯಿಯ ಮುಂದಿಟ್ಟರು. ಹಸಿದ ಶರ್ವರಿ ಅದನ್ನೇ ನೋಡುತ್ತಿದ್ದಳು.

"ತಗೊಳ್ಳಿ ಬೀಗಿತ್ತಿ, ಸಂಕೋಚ ಬೇಡ."

"ಹೆತ್ತಿರೋದು ನಾನೇನ್ರೀ? ನನ್ನ ಬಾಣಂತನ ಮುಗಿದು ಮೂವತ್ತು ವರ್ಷ ಆಯ್ತು!"

ಇಂದುಮತಿಬಾಯಿ ಎದ್ದು ಬಂದು ಉಂಡೆ ಮುರಿದು ಸೊಸೆಯ ಬಾಯಿಗಿಟ್ಟರು. ಹಸಿವಿನ ಆತುರಕ್ಕೆ ಶರ್ವರಿ ಅತ್ತೆಯ ಬೆರಳನ್ನೂ ಕಚ್ಚಿಬಿಟ್ಟಳು.

"ಕಚ್ಚು ಮಗಳೇ, ಇವತ್ತೊಂದಿನ ಮಾಫಿ," ಎಂದು ಅತ್ತೆ ನಕ್ಕು, ಉಳಿದರ್ಧವನ್ನೂ ಉಣಿಸಿದರು.

ಓದುಗರೇ, ತೊಟ್ಟಿಲಿಗೆ ಬಗ್ಗುವ ಮುನ್ನ ಹೆತ್ತವಳು ಉಂಡಳೇ ಎಂದು ದಯವಿಟ್ಟು ವಿಚಾರಿಸಿರಿ.